ಅಪ್ಪನ ಎದೆಯಲ್ಲಿ ಮತ್ತೆ ಮತ್ತೆ ನೀರು. ಮೆಸೊಥೆಲಿಯೋಮ ಅನ್ನುವ ಕ್ಯಾನ್ಸರ್ ಅಂದಿದ್ದಾರೆ. ಲಕ್ಷಣಗಳ ಬಗ್ಗೆ ಗೊತ್ತಿರುವವರು ಹೇಳಿ

ಸುಂಟಿಕೊಪ್ಪದ ಮಗಳು · ಶುಕ್ರವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 71 ವರ್ಷ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಐದು ಎಕರೆ ಕಾಫಿ ತೋಟ, ಕೆಳಗೆ ಸ್ವಲ್ಪ ಗದ್ದೆ. ಗದ್ದೆಯಿಂದ ಮನೆಗೆ ಬರುವ ದಾರಿ ಒಳ್ಳೆ ಏರು. ಅಪ್ಪ ದಿನಕ್ಕೆ ಎರಡು ಸಲ ಹತ್ತಿ ಇಳಿಯುತ್ತಿದ್ದರು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಅರ್ಧ ದಾರಿಯಲ್ಲಿ, ಹಲಸಿನ ಮರದ ಹತ್ತಿರ, ನಿಲ್ಲುವುದಕ್ಕೆ ಶುರು ಮಾಡಿದರು. ಯಾಕಪ್ಪ ಅಂತ ಕೇಳಿದರೆ "ಮೆಣಸಿನ ಬಳ್ಳಿ ನೋಡ್ತಿದ್ದೆ" ಅನ್ನುತ್ತಿದ್ದರು. ಮರಕ್ಕೆ ಬಳ್ಳಿ ಹಬ್ಬಿಸಿರುವುದು ನಿಜ, ಅದಕ್ಕೆ ನಾವೂ ನಂಬಿದೆವು. ವರ್ಷದ ಕೊನೆಯ ಪುತ್ತರಿ ಹಬ್ಬ ಬರುವಷ್ಟರಲ್ಲಿ ಅದೇ ದಾರಿಯಲ್ಲಿ ಮೂರು ಕಡೆ ನಿಲ್ಲುತ್ತಿದ್ದರು.

ಆಮೇಲೆ ಒಣ ಕೆಮ್ಮು ಬಂತು. ಕಫ ಇಲ್ಲ. ಬಲಗಡೆ ಭುಜ ನೋವು ಅಂದರು. ಮೂಟೆ ಎತ್ತಿದ್ದಕ್ಕೆ ಇರಬೇಕು ಅಂತ ಎಣ್ಣೆ ತಿಕ್ಕಿದೆವು. ಕಾಫಿ ಕುಯ್ಲಿನ ಸಮಯದಲ್ಲಿ ಊಟ ಕಡಿಮೆಯಾಯಿತು, ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡರು. ಊರಿನ ಕ್ಲಿನಿಕ್ಕಿನಲ್ಲಿ ದಮ್ಮು ಅಂತ ಇನ್ಹೇಲರ್ ಕೊಟ್ಟರು. ಪ್ರಯೋಜನ ಆಗಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಬಲಗಡೆ ಅರ್ಧ ಬಿಳಿ. ಸೂಜಿ ಹಾಕಿ ಒಂದು ಲೀಟರಿಗಿಂತ ಜಾಸ್ತಿ ನೀರು ತೆಗೆದರು. ತೆಳು ಡಿಕಾಕ್ಷನ್ ಥರ ಕೆಂಪಗಿತ್ತು. ಆವತ್ತು ರಾತ್ರಿ ಅಪ್ಪ ತಿಂಗಳುಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದರು. ಟಿಬಿ ಇರಬಹುದು ಅಂತ ಮಾತ್ರೆ ಶುರು ಮಾಡಿದರು. ಮೂರೇ ವಾರಕ್ಕೆ ಮತ್ತೆ ನೀರು. ಮತ್ತೆ ತೆಗೆದರು. ಮತ್ತೆ ತುಂಬಿತು.

ಕೊನೆಗೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಎದೆಯೊಳಗೆ ಸ್ಕೋಪ್ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿದರು. ಮೆಸೊಥೆಲಿಯೋಮ ಅಂತ ಬಂತು. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "40 ವರ್ಷದ ಹಿಂದೆ ನೀವು ಏನು ಕೆಲಸ ಮಾಡ್ತಿದ್ರಿ?"

ಅಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ. ಅಪ್ಪ 1978ರಿಂದ 1986ರವರೆಗೆ ಮುಂಬೈಯಲ್ಲಿ ಹಡಗು ರಿಪೇರಿ ಕೆಲಸದಲ್ಲಿದ್ದರು. ಬಾಯ್ಲರ್ ಪೈಪಿಗೆ ಬಿಳಿ ಹತ್ತಿ ಥರದ್ದನ್ನು ಸುತ್ತುವುದು, ಹಳೆಯದನ್ನು ಕಿತ್ತು ಹಾಕುವುದು. "ಅಕ್ಕಿ ಹಿಟ್ಟಿನ ಗಿರಣಿಯಲ್ಲಿ ನಿಂತ ಹಾಗೆ ಇರ್ತಿತ್ತು. ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದೆವು" ಅಂದರು. ಅದು ಆಸ್ಬೆಸ್ಟಾಸ್, ಅಂದರೆ ಕಲ್ನಾರು ಅಂತೆ.

ಅಪ್ಪ ಜಾಸ್ತಿ ಮಾತಾಡುವವರಲ್ಲ. ಏನಾಗ್ತಿದೆ ಅಂದರೆ "ಏನಿಲ್ಲ" ಅನ್ನುತ್ತಾರೆ. ಈ ಕಾಯಿಲೆಯಲ್ಲಿ ಒಳಗೆ ಏನಾಗುತ್ತದೆ, ಅವರಿಗೆ ಏನು ಅನ್ನಿಸುತ್ತಿರಬಹುದು, ಮುಂದೆ ಏನನ್ನು ಗಮನಿಸಬೇಕು? ಮನೆಯಲ್ಲಿ ನೋಡಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಗೋಣಿಕೊಪ್ಪ ಕಾಫಿ · ಶುಕ್ರವಾರ, ರಾತ್ರಿ 10.15

ಓದಿ ತುಂಬಾ ಬೇಜಾರಾಯಿತು ಅಕ್ಕ. ಅಪ್ಪ ಬೀಡಿ ಸಿಗರೇಟು ಸೇದುತ್ತಿದ್ದರಾ? ಈಗಲಾದರೂ ಬಿಡಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತಟ್ಟೆ ಲೋಟ ಬೇರೆ ಮಾಡುವುದು ಒಳ್ಳೆಯದೇನೋ.

ವಿರಾಜಪೇಟೆ ಹುಡುಗ, ಈಗ ಮೈಸೂರು · ಶುಕ್ರವಾರ, ರಾತ್ರಿ 11.05

ನಾನು ಎದೆರೋಗ ವಿಭಾಗದಲ್ಲಿ ಡಾಕ್ಟರ್. ರಿಪೋರ್ಟ್ ನೋಡದೆ ನಿಮ್ಮ ತಂದೆಯವರ ಚಿಕಿತ್ಸೆ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದನ್ನು ಅವರನ್ನು ನೋಡುತ್ತಿರುವವರೇ ಹೇಳಬೇಕು. ಲಕ್ಷಣ ಯಾಕೆ ಬರುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೊದಲು ಮೇಲಿನ ಮಾತಿಗೆ ಉತ್ತರ. ಇದು ಅಂಟುವ ಕಾಯಿಲೆ ಅಲ್ಲ. ತಟ್ಟೆ ಬೇರೆ ಮಾಡಬೇಡಿ. ಹಾಗೆ ಮಾಡಿದರೆ ಅವರ ಮನಸ್ಸಿಗೆ ಆಗುವ ನೋವೇ ಜಾಸ್ತಿ. ಮೊಮ್ಮಕ್ಕಳು ಪಕ್ಕದಲ್ಲಿ ಮಲಗಲಿ. ಮತ್ತೆ, ಸಿಗರೇಟಿನಿಂದ ಮೆಸೊಥೆಲಿಯೋಮ ಬರುವುದಿಲ್ಲ. ಆಸ್ಬೆಸ್ಟಾಸ್ ಜೊತೆ ಸಿಗರೇಟೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ತುಂಬಾ ಏರುತ್ತದೆ. ಅದು ಬೇರೆ ಕಾಯಿಲೆ. ನಿಮ್ಮ ತಂದೆ ಸೇದಿದ್ದರೂ ಸೇದದಿದ್ದರೂ ಈ ಕಾಯಿಲೆಗೆ ಅವರನ್ನು ದೂರಬೇಡಿ.

ಈಗ ವಿಷಯ. ಶ್ವಾಸಕೋಶಕ್ಕೆ ಒಂದು ತೆಳು ಪೊರೆ ಅಂಟಿಕೊಂಡಿದೆ. ಎದೆಗೂಡಿನ ಒಳಗೋಡೆಗೆ ಇನ್ನೊಂದು. ಎರಡನ್ನೂ ಸೇರಿಸಿ ಪ್ಲೂರಾ ಅನ್ನುತ್ತೇವೆ. ನಡುವೆ ಒಂದೆರಡು ಚಮಚದಷ್ಟು ದ್ರವ ಇರುತ್ತದೆ, ಉಸಿರಾಡುವಾಗ ಒಂದರ ಮೇಲೊಂದು ಜಾರಲಿ ಅಂತ. ಮೆಸೊಥೆಲಿಯೋಮ ಹುಟ್ಟುವುದು ಈ ಪೊರೆಯಲ್ಲಿ, ಶ್ವಾಸಕೋಶದ ಒಳಗಲ್ಲ. ಪೊರೆ ಕೆಟ್ಟಾಗ ದ್ರವ ಜಾಸ್ತಿ ಊರುತ್ತದೆ, ಹೊರಗೆ ಹೋಗುವ ದಾರಿ ಕಟ್ಟುತ್ತದೆ. ಲೀಟರುಗಟ್ಟಲೆ ತುಂಬಿ ಶ್ವಾಸಕೋಶವನ್ನು ಮೇಲಕ್ಕೆ ಒತ್ತುತ್ತದೆ. ಅದೇ ಆ ಏರಿನಲ್ಲಿ ಸಿಗದ ಉಸಿರು. ನೀರು ತೆಗೆದ ರಾತ್ರಿ ನಿದ್ದೆ ಬಂದಿದ್ದೂ ಅದಕ್ಕೇ.

ಭುಜದ ನೋವಿನ ಕಥೆ ಇನ್ನೊಂದು. ಶ್ವಾಸಕೋಶದ ಮೇಲಿನ ಪೊರೆಗೆ ನೋವು ಗೊತ್ತಾಗುವುದಿಲ್ಲ. ಎದೆಗೂಡಿನ ಕಡೆಯ ಪೊರೆಗೆ ಚೆನ್ನಾಗಿ ಗೊತ್ತಾಗುತ್ತದೆ. ಪಕ್ಕೆಲುಬಿನ ನಡುವಿನ ನರಗಳು ಅಲ್ಲೇ ಇವೆ. ಕೆಳಗೆ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಅನ್ನುವ ಸ್ನಾಯುವಿನ ನಡುಭಾಗ ಕೆರಳಿದರೆ ನೋವು ಕಾಣಿಸಿಕೊಳ್ಳುವುದು ಭುಜದಲ್ಲಿ, ಯಾಕಂದರೆ ಎರಡಕ್ಕೂ ನರ ಬರುವುದು ಕುತ್ತಿಗೆಯ ಒಂದೇ ಜಾಗದಿಂದ. ಎಣ್ಣೆ ತಿಕ್ಕಿದ್ದು ನಿಮ್ಮ ತಪ್ಪಲ್ಲ. ಯಾರಾದರೂ ಹಾಗೇ ಮಾಡುತ್ತಿದ್ದರು.

ಟಿಬಿ ಅಂದುಕೊಂಡದ್ದೂ ಆಶ್ಚರ್ಯ ಅಲ್ಲ. ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಅಂದರೆ ಟಿಬಿಯೇ ಜಾಸ್ತಿ. ಆದರೆ ತೆಗೆದ ನೀರು ವಾರಗಳಲ್ಲೇ ಮತ್ತೆ ತುಂಬಿದರೆ, ಒಂದೇ ಕಡೆ ತುಂಬಿದರೆ, ಅಲ್ಲಿಗೆ ನಿಲ್ಲಿಸಬಾರದು. ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ ಕಾಣಲಿಲ್ಲ ಅಂದರೆ ಕ್ಯಾನ್ಸರ್ ಇಲ್ಲ ಅಂತ ಅರ್ಥ ಅಲ್ಲ. ಈ ಕಾಯಿಲೆ ಎಷ್ಟೋ ಸಲ ನೀರಿನಲ್ಲಿ ಸಿಕ್ಕುವುದೇ ಇಲ್ಲ. ಪೊರೆಯ ಚೂರನ್ನೇ ತೆಗೆದು ನೋಡಬೇಕು. ನಿಮ್ಮವರಿಗೆ ಮಾಡಿದ್ದು ಅದೇ, ಸರಿಯಾಗಿ ಮಾಡಿದ್ದಾರೆ.

ಸುಂಟಿಕೊಪ್ಪದ ಮಗಳು · ಶುಕ್ರವಾರ, ರಾತ್ರಿ 11.30

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಪ್ಪ ಸಿಗರೇಟು ಮುಟ್ಟಿದವರೇ ಅಲ್ಲ. ಬಲಗಡೆ ಮಗ್ಗುಲಿಗೇ ಮಲಗುತ್ತಾರೆ, ಎಡಕ್ಕೆ ತಿರುಗಿದರೆ ಎದ್ದು ಕೂರುತ್ತಾರೆ. ನೋವಿರುವ ಕಡೆಗೇ ಯಾಕೆ ಮಲಗುತ್ತಾರೆ ಅಂತ ಅವ್ವನಿಗೆ ಚಿಂತೆ.

ವಿರಾಜಪೇಟೆ ಹುಡುಗ, ಈಗ ಮೈಸೂರು · ಶುಕ್ರವಾರ, ರಾತ್ರಿ 11.42

ಹಾಗೆ ಮಲಗಲಿ. ನೀರಿರುವ ಕಡೆ ಕೆಳಗೆ ಇದ್ದರೆ ಚೆನ್ನಾಗಿರುವ ಶ್ವಾಸಕೋಶಕ್ಕೆ ಮೇಲೆ ಜಾಗ ಸಿಗುತ್ತದೆ. ಮೈಯೇ ಅದನ್ನು ಕಂಡುಕೊಂಡಿದೆ. ಅವ್ವನಿಗೆ ಹೇಳಿ.

ಪೊನ್ನಂಪೇಟೆ ಅಕ್ಕ · ಶನಿವಾರ, ಬೆಳಿಗ್ಗೆ 6.50

ನಮ್ಮ ಚಿಕ್ಕಮ್ಮನಿಗೆ ಇದೇ ಕಾಯಿಲೆ ಹೊಟ್ಟೆಯ ಪೊರೆಯಲ್ಲಿ ಬಂದಿತ್ತು. ಎದೆಯಷ್ಟು ಸಾಮಾನ್ಯ ಅಲ್ಲ, ಆದರೆ ಹೊಟ್ಟೆಯಲ್ಲೂ ಬರುತ್ತದೆ. ಬರೆಯಲೋ ಬೇಡವೋ ಅಂತ ರಾತ್ರಿಯೆಲ್ಲ ಯೋಚಿಸಿದೆ. ಬರೆಯುತ್ತೇನೆ.

ಚಿಕ್ಕಮ್ಮ ಒಂದು ದಿನವೂ ಫ್ಯಾಕ್ಟರಿಗೆ ಹೋದವರಲ್ಲ. ಚಿಕ್ಕಪ್ಪ ಹೊರರಾಜ್ಯದಲ್ಲಿ ಆಸ್ಬೆಸ್ಟಾಸ್ ಸೇರಿಸಿ ಸಿಮೆಂಟ್ ಶೀಟ್ ಮಾಡುವ ಕಡೆ ಕೆಲಸದಲ್ಲಿದ್ದರು. ಸಂಜೆ ಬಂದವರ ಅಂಗಿಯನ್ನು ಚಿಕ್ಕಮ್ಮ ಬಾಗಿಲಲ್ಲಿ ನಿಂತು ಜೋರಾಗಿ ಒದರಿ ಆಮೇಲೆ ಒಗೆಯುವ ಕಲ್ಲಿಗೆ ಹಾಕುತ್ತಿದ್ದರು. ನನಗೆ ಆಗ ಏಳೆಂಟು ವರ್ಷ. ಬಿಸಿಲಲ್ಲಿ ಆ ಧೂಳು ಮಿಣಮಿಣ ಅನ್ನುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಂದ ಕಾಣುತ್ತಿತ್ತು.

ಮೂವತ್ತು ವರ್ಷದ ಮೇಲೆ ಶುರುವಾಗಿದ್ದು ಲಂಗದ ಲಾಡಿಯಿಂದ. ಲಾಡಿ ಬಿಗಿ ಆಗುತ್ತಿದೆ, ಕೈಕಾಲು ಮಾತ್ರ ಸಣ್ಣ ಆಗುತ್ತಿದೆ ಅಂದರು. ಎರಡು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು. ವಾಕರಿಕೆ, ಮಲಬದ್ಧತೆ. ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದೇ ನುಂಗಿದ್ದು. ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಹೊಟ್ಟೆ ತುಂಬಾ ನೀರು.

ಅದಕ್ಕೇ ಹೇಳುತ್ತಿದ್ದೇನೆ ತಂಗಿ, ಅಪ್ಪನ ಬಟ್ಟೆ ಒಗೆದವರು ಯಾರು ಅಂತಲೂ ಡಾಕ್ಟರಿಗೆ ಹೇಳಿ. ಹೆದರಿಸಲು ಹೇಳುತ್ತಿಲ್ಲ. ಅವ್ವನಿಗೆ ನಾಳೆ ಉಸಿರಿನ ತೊಂದರೆಯೋ ಹೊಟ್ಟೆ ಊತವೋ ಬಂದರೆ ಈ ಮಾತನ್ನು ಮೊದಲ ದಿನವೇ ಹೇಳಲು ಗೊತ್ತಿರಲಿ.

ಸುಂಟಿಕೊಪ್ಪದ ಮಗಳು · ಶನಿವಾರ, ಬೆಳಿಗ್ಗೆ 7.20

ಅಕ್ಕ, ಅವ್ವ ಮದುವೆಯಾಗಿ ಮುಂಬೈಗೆ ಹೋಗಿದ್ದು 1983ರಲ್ಲಿ. ಮೂರು ವರ್ಷ ಅವರೇ ಒಗೆದಿದ್ದಾರೆ. ಈಗ ತಾನೇ ಕೇಳಿದೆ. ಹೇಳಿದ್ದಕ್ಕೆ ಥ್ಯಾಂಕ್ಸ್.

ಸಿದ್ದಾಪುರ ಲೈನ್ ಮನೆ · ಶನಿವಾರ, ಬೆಳಿಗ್ಗೆ 9.10

ನನಗೆ ಒಂದು ಭಯ. ನಾವು ಎಸ್ಟೇಟ್ ಲೈನ್ ಮನೆಯಲ್ಲಿ ಇರುವವರು. ಮೇಲೆ ಸಿಮೆಂಟ್ ಶೀಟ್. ಹುಟ್ಟಿದಾಗಿನಿಂದ ಅದರ ಕೆಳಗೇ ಮಲಗಿದ್ದೇವೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಪಾಚಿಯನ್ನು ತಂತಿ ಬ್ರಷ್‌ನಿಂದ ಕೆರೆಯುತ್ತೇವೆ. ನಮಗೆಲ್ಲ ಇದು ಬರುತ್ತದಾ?

ವಿರಾಜಪೇಟೆ ಹುಡುಗ, ಈಗ ಮೈಸೂರು · ಶನಿವಾರ, ಮಧ್ಯಾಹ್ನ 1.30

ಅಣ್ಣ, ಸುಮ್ನೆ ಸಮಾಧಾನ ಹೇಳುತ್ತಿಲ್ಲ, ಇದ್ದದ್ದನ್ನೇ ಹೇಳುತ್ತೇನೆ. ಇದು ಅಪರೂಪದ ಕಾಯಿಲೆ. ಆಸ್ಬೆಸ್ಟಾಸ್ ಧೂಳಿನಲ್ಲೇ ಕೆಲಸ ಮಾಡಿದವರಲ್ಲೂ ಹೆಚ್ಚಿನವರಿಗೆ ಮೆಸೊಥೆಲಿಯೋಮ ಬರುವುದಿಲ್ಲ. ಬಿರುಕಿಲ್ಲದ, ಗಟ್ಟಿಯಾಗಿರುವ ಶೀಟಿನ ಕೆಳಗೆ ಮಲಗುವವರಿಗೆ ಅಪಾಯ ತೀರಾ ಕಡಿಮೆ, ಯಾಕಂದರೆ ನಾರು ಸಿಮೆಂಟಿನಲ್ಲಿ ಹಿಡಿದುಕೊಂಡಿರುತ್ತದೆ. ತೊಂದರೆ ಇರುವುದು ಧೂಳು ಎದ್ದಾಗ. ಕತ್ತರಿಸುವಾಗ, ಡ್ರಿಲ್ ಮಾಡುವಾಗ, ಒಡೆಯುವಾಗ, ಮತ್ತೆ ನೀವು ಹೇಳಿದ ಆ ತಂತಿ ಬ್ರಷ್. ಅದನ್ನು ಈ ವರ್ಷದಿಂದಲೇ ಬಿಟ್ಟುಬಿಡಿ. ಪಾಚಿ ಇರಲಿ, ಅದರಿಂದ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ತೆಗೆಯಲೇಬೇಕು ಅಂದರೆ ಚೆನ್ನಾಗಿ ನೀರು ಹಾಕಿ ನೆನೆಸಿ, ಮೆತ್ತಗಿನ ಪೊರಕೆಯಲ್ಲಿ ತಳ್ಳಿ. ಒಣಗಿದ್ದಾಗ ಕೆರೆಯಬೇಡಿ. ಮುಖಕ್ಕೆ ಕಟ್ಟಿದ ಟವೆಲ್ಲು ಈ ನಾರನ್ನು ತಡೆಯುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಅದು.

ಇತ್ತೀಚೆಗೆ ಆಸ್ಬೆಸ್ಟಾಸ್ ಇಲ್ಲದ ಶೀಟೂ ಬರುತ್ತದೆ. ಹೊಸದಾಗಿ ಹಾಕಿಸುವವರು ಕೇಳಿ ತೆಗೆದುಕೊಳ್ಳಿ.

ಮಕ್ಕಂದೂರು · ಶನಿವಾರ, ಮಧ್ಯಾಹ್ನ 2.15

2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ನಮ್ಮ ಕಡೆ ಎಷ್ಟು ಶೀಟ್ ಪುಡಿಯಾಯಿತು. ಅದನ್ನೇ ತುಂಬಿ ದಾರಿಯ ಗುಂಡಿ ಮುಚ್ಚಿದ್ದೇವೆ. ಇದು ಯಾರಿಗೂ ಗೊತ್ತಿರಲಿಲ್ಲ.

ಕುಶಾಲನಗರ ವೆಲ್ಡರ್ · ಶನಿವಾರ, ಸಂಜೆ 5.40

ನನ್ನ ವಾರಿಗೆಯವರು ಇನ್ನೂ ಆಸ್ಬೆಸ್ಟಾಸ್ ಮುಟ್ಟಿ ಕೆಲಸ ಮಾಡುತ್ತಿದ್ದಾರೆ. ಹಳೆ ಬಾಯ್ಲರಿನ ಹಗ್ಗ, ಗ್ಯಾಸ್ಕೆಟ್, ಹಳೆ ಲಾರಿಯ ಬ್ರೇಕ್ ಲೈನಿಂಗ್. ಗಾಳಿ ಪೈಪ್ ಹಿಡಿದು ಬ್ರೇಕ್ ಡ್ರಮ್ಮಿನ ಧೂಳು ಊದುವುದನ್ನು ಯಾವ ಗ್ಯಾರೇಜಿನಲ್ಲಿ ಬೇಕಾದರೂ ನೋಡಿ. ನಾನೂ ಹತ್ತು ವರ್ಷ ಊದಿದ್ದೇನೆ. ಬೇರೆ ದೇಶದಲ್ಲಿ ಇದೆಲ್ಲ ನಿಂತಿದೆ ಅಂತ ಕೇಳಿದ್ದೆ, ನಿಜವಾ ಸರ್?

ವಿರಾಜಪೇಟೆ ಹುಡುಗ, ಈಗ ಮೈಸೂರು · ಶನಿವಾರ, ರಾತ್ರಿ 8.00

ನಿಜ. ಬ್ರಿಟನ್ 1999ರಲ್ಲಿ ಪೂರ್ತಿ ನಿಲ್ಲಿಸಿತು. ಆಸ್ಟ್ರೇಲಿಯಾ 2003ರ ಕೊನೆಗೆ, ಯುರೋಪ್ ಒಕ್ಕೂಟ 2005ರಲ್ಲಿ. ನಮ್ಮಲ್ಲಿ ಬಿಳಿ ಆಸ್ಬೆಸ್ಟಾಸ್ ಹೊರದೇಶದಿಂದ ಈಗಲೂ ಬರುತ್ತದೆ, ಹೆಚ್ಚಿನದು ಚಾವಣಿ ಶೀಟಿಗೆ ಹೋಗುತ್ತದೆ. ಬಿಳಿ, ನೀಲಿ, ಕಂದು ಎಲ್ಲವೂ ಕ್ಯಾನ್ಸರ್ ತರುವಂಥವು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಆ ನೀಲಿಯದ್ದರ ಕಥೆ ಹೇಳಬೇಕು. 1960ರಲ್ಲಿ ವ್ಯಾಗ್ನರ್ ಅನ್ನುವ ವೈದ್ಯರೂ ಅವರ ಜೊತೆಗಾರರೂ ದಕ್ಷಿಣ ಆಫ್ರಿಕಾದಲ್ಲಿ 33 ರೋಗಿಗಳ ವಿವರ ಬರೆದರು. ಹೆಚ್ಚಿನವರು ನೀಲಿ ಕಲ್ನಾರಿನ ಗಣಿಗಳಿದ್ದ ಕಡೆಯವರು. ಅದರಲ್ಲಿ ಎಷ್ಟೋ ಜನ ಗಣಿಗೆ ಇಳಿದವರೇ ಅಲ್ಲ, ಚಿಕ್ಕವರಿದ್ದಾಗ ಆ ಊರಿನಲ್ಲಿ ಬೆಳೆದವರು. ಈ ಕಾಯಿಲೆಗೂ ಆಸ್ಬೆಸ್ಟಾಸಿಗೂ ಇರುವ ನಂಟು ಜಗತ್ತಿಗೆ ಸರಿಯಾಗಿ ಗೊತ್ತಾಗಿದ್ದೇ ಆಗ. ರೋಗಿಗಳನ್ನು ಕೂರಿಸಿಕೊಂಡು ನೀವು ಎಲ್ಲಿ ಬೆಳೆದಿರಿ, ಏನು ಕೆಲಸ ಮಾಡಿದಿರಿ ಅಂತ ಕೇಳಿದ್ದರಿಂದ ಗೊತ್ತಾಯಿತು. ಧೂಳು ಒಳಗೆ ಹೋದ ಮೇಲೆ ಕಾಯಿಲೆ ಬರಲು 20ರಿಂದ 50 ವರ್ಷ ಬೇಕು. ಹಾಗಾಗಿ ಈಗಿನ ಕೆಲಸ ಕೇಳಿ ಬಿಟ್ಟರೆ ಏನೂ ಸಿಗುವುದಿಲ್ಲ. ಕೊಡಗಿನಲ್ಲಿ ಅಂತೂ ಎಲ್ಲರೂ "ತೋಟ" ಅಂತಲೇ ಹೇಳುತ್ತಾರೆ. ತೋಟಕ್ಕೆ ವಾಪಸ್ ಬರುವ ಮುಂಚೆ ನೌಕಾಪಡೆ, ರೈಲ್ವೆ, ಪವರ್ ಹೌಸ್ ಅಂತ ಎಲ್ಲೆಲ್ಲಿ ಇದ್ದರೋ ಯಾರೂ ಬಾಯಿ ಬಿಡುವುದಿಲ್ಲ. ನಾನು ಈಗ ಹೊಸ ರೋಗಿ ಬಂದರೆ ಹದಿನೆಂಟನೇ ವಯಸ್ಸಿನಿಂದ ಶುರು ಮಾಡಿಸುತ್ತೇನೆ.

ವೆಲ್ಡರ್ ಅಣ್ಣ, ಬ್ರೇಕ್ ಡ್ರಮ್ಮಿಗೆ ಗಾಳಿ ಹೊಡೆಯುವುದನ್ನು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ನಿಮ್ಮ ಹುಡುಗರಿಗೂ ಹೇಳಿ.

ಸೋಮವಾರಪೇಟೆ ವಕೀಲ · ಶನಿವಾರ, ರಾತ್ರಿ 9.15

ಒಂದು ವಿಷಯ ಸೇರಿಸುತ್ತೇನೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಾರ್ಮಿಕರ ಬಗ್ಗೆ ದೊಡ್ಡ ತೀರ್ಪು ಕೊಟ್ಟಿದೆ. ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿವರೆಗೆ ಇಡಬೇಕು ಅಂತ ಅದರಲ್ಲಿದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ, ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ ಆಸ್ಬೆಸ್ಟಾಸಿನಿಂದ ಬರುವ ಮೆಸೊಥೆಲಿಯೋಮ ಸೇರಿತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಪ್ಪನ ಹಳೆ ಗುರುತಿನ ಚೀಟಿ, ಸಂಬಳದ ಚೀಟಿ, ಪಿಎಫ್ ಕಾಗದ ಏನಿದ್ದರೂ ತೆಗೆದಿಡಿ. ಬಯಾಪ್ಸಿ (ಚೂರು ತೆಗೆದು ಮಾಡಿದ ಪರೀಕ್ಷೆ) ರಿಪೋರ್ಟಿನ ಮೂಲ ಪ್ರತಿ ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ನಾಪೋಕ್ಲು ನರ್ಸ್ · ಭಾನುವಾರ, ಬೆಳಿಗ್ಗೆ 10.20

ನಾನು ಹದಿನಾಲ್ಕು ವರ್ಷ ಕ್ಯಾನ್ಸರ್ ವಾರ್ಡಿನಲ್ಲಿ ಇದ್ದವಳು. ಈಗ ಊರಲ್ಲಿ ಮನೆಮನೆಗೆ ಹೋಗಿ ನೋವು ಕಡಿಮೆ ಮಾಡುವ ಆರೈಕೆ ಮಾಡುತ್ತೇನೆ. ಡಾಕ್ಟರ್ ಸರ್ ಒಳಗಿನದ್ದು ಹೇಳಿದರು. ಮನೆಯಲ್ಲಿ ಕಾಣುವುದನ್ನು ನಾನು ಹೇಳುತ್ತೇನೆ ಮಗಳೇ.

ನಿಮ್ಮಪ್ಪ "ಏನಿಲ್ಲ" ಅನ್ನುತ್ತಾರಲ್ಲ, ನಮ್ಮ ಕಡೆಯ ಗಂಡಸರು ಎಲ್ಲರೂ ಅದನ್ನೇ ಅನ್ನುವುದು. ಬಾಯಿಂದ ಕೇಳಬೇಡಿ, ಕಣ್ಣಿಂದ ನೋಡಿ. ಮಾತಿನ ನಡುವೆ ಉಸಿರಿಗೆ ನಿಲ್ಲಿಸುತ್ತಾರಾ? ಹಂಡೆ ಒಲೆ ಇರುವ ಬಚ್ಚಲಲ್ಲಿ ಸ್ನಾನ ಬೇಗ ಮುಗಿಸುತ್ತಾರಾ? ಹೊಗೆ ಮತ್ತು ಹಬೆ ಇಬ್ಬರೂ ಶತ್ರುಗಳು. ಬಿಸಿ ನೀರು ಹೊರಗಿಂದ ತಂದು ಕೊಡಿ, ಸ್ಟೂಲ್ ಹಾಕಿ, ಬಾಗಿಲು ಸ್ವಲ್ಪ ತೆರೆದಿರಲಿ. ಊಟದಲ್ಲಿ ಅಕ್ಕಿ ರೊಟ್ಟಿ ಬಿಟ್ಟು ಸಾರನ್ನ ಮಾತ್ರ ತಿನ್ನುತ್ತಿದ್ದಾರಾ? ರುಚಿ ಇಲ್ಲ ಅಂತ ಅಲ್ಲ, ಅಗಿಯಲು ಉಸಿರು ಸಾಲುತ್ತಿಲ್ಲ. ನೂಪುಟ್ಟನ್ನು (ಒತ್ತು ಶಾವಿಗೆ) ಕೋಳಿ ಸಾರಿನಲ್ಲಿ ನೆನೆಸಿ ಕೊಡಿ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ. ಬಟ್ಟಲು ತುಂಬಾ ಬಡಿಸಿ ಮುಂದೆ ಕೂತು ತಿನ್ನಿ ತಿನ್ನಿ ಅನ್ನಬೇಡಿ.

ದಣಿವು ಇರುತ್ತದೆ. ಮಲಗಿ ಎದ್ದರೂ ಹೋಗದ ದಣಿವು. ಸೋಮಾರಿತನ ಅಲ್ಲ. ರಾತ್ರಿ ಬೆವರು ಬರಬಹುದು, ದಿಂಬಿನ ಬಟ್ಟೆ ಒದ್ದೆ ಆಗುವಷ್ಟು. ಸಣ್ಣ ಜ್ವರ ಬಂದು ಹೋಗಬಹುದು. ತೂಕ ಇಳಿಯುತ್ತದೆ.

ಉಸಿರು ಸಿಗದಾಗ ಹೆದರಿಕೆ ಬರುತ್ತದೆ, ಹೆದರಿಕೆಯಿಂದ ಉಸಿರು ಇನ್ನೂ ಓಡುತ್ತದೆ. ರಾತ್ರಿ ಎರಡು ಗಂಟೆಗೆ ಇದು ಆದಾಗ ಮನೆಯವರೆಲ್ಲ ಸುತ್ತ ಮುತ್ತಿಕೊಳ್ಳಬೇಡಿ. ಒಬ್ಬರು ಸಾಕು. ಕುರ್ಚಿಯಲ್ಲಿ ಕೂರಿಸಿ, ಮುಂದೆ ಟೇಬಲ್ ಮೇಲೆ ದಿಂಬಿಟ್ಟು ಮೊಣಕೈ ಊರಿ ಬಾಗಲು ಹೇಳಿ. ಕಿಟಕಿ ತೆರೆಯಿರಿ. ಸಣ್ಣ ಫ್ಯಾನನ್ನು ಮುಖದಿಂದ ಒಂದು ಗೇಣು ದೂರದಲ್ಲಿ, ಮೂಗು ಮತ್ತು ಕೆನ್ನೆಗೆ ಗಾಳಿ ತಾಗುವ ಹಾಗೆ ಹಿಡಿಯಿರಿ. ಕೆನ್ನೆಯ ಚರ್ಮಕ್ಕೆ ತಣ್ಣನೆ ಗಾಳಿ ತಾಗಿದರೆ ಉಸಿರಿನ ಕಷ್ಟ ಕಡಿಮೆ ಅನ್ನಿಸುತ್ತದೆ, ಅದನ್ನು ಪರೀಕ್ಷೆ ಮಾಡಿಯೇ ಕಂಡುಕೊಂಡಿದ್ದಾರೆ. ಸೀಟಿ ಹೊಡೆಯುವ ಹಾಗೆ ತುಟಿ ಸಣ್ಣ ಮಾಡಿ ನಿಧಾನ ಉಸಿರು ಬಿಡಲು ಹೇಳಿ. ನೀವೂ ಜೊತೆಯಲ್ಲಿ ಬಿಡಿ.

ಮಾರ್ಫಿನ್ ಅಂದರೆ ಜನ ಹೆದರುತ್ತಾರೆ. "ಕೊನೆಯ ಔಷಧಿ" ಅಂತ. ಅಲ್ಲ. ನೋವಿಗೂ ಕೊಡುತ್ತಾರೆ, ಸಣ್ಣ ಪ್ರಮಾಣದಲ್ಲಿ ಉಸಿರಿನ ಕಷ್ಟಕ್ಕೂ ಕೊಡುತ್ತಾರೆ. ಡಾಕ್ಟರ್ ಬರೆದ ಲೆಕ್ಕದಲ್ಲಿ ತೆಗೆದುಕೊಂಡರೆ ಚಟ ಆಗುವುದು ತೀರಾ ಅಪರೂಪ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ. ಪಕ್ಕೆಯಲ್ಲಿ ಉರಿ, ಕರೆಂಟ್ ಹೊಡೆದ ಹಾಗೆ ಅಂದರೆ ಅದು ನರದ ನೋವು. ಅದಕ್ಕೆ ಬೇರೆ ಮಾತ್ರೆ ಇದೆ. ಹಾಗಾಗಿ "ನೋವು" ಅಂತ ಮಾತ್ರ ಹೇಳಬೇಡಿ, ಎಂಥ ನೋವು ಅಂತ ಹೇಳಿ.

ಒಂದು ಪುಸ್ತಕ ಇಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಸೊನ್ನೆಯಿಂದ ಹತ್ತರವರೆಗೆ ಉಸಿರಿನ ಕಷ್ಟ ಎಷ್ಟು ಅಂತ ಅವರಿಂದಲೇ ನಂಬರ್ ಕೇಳಿ ಬರೆಯಿರಿ. ಮಾತಾಡದವರು ನಂಬರ್ ಹೇಳುತ್ತಾರೆ. ನಾನು ನೋಡಿದ್ದೇನೆ.

ಗೋಣಿಕೊಪ್ಪ ಕಾಫಿ · ಭಾನುವಾರ, ಬೆಳಿಗ್ಗೆ 11.00

ತಟ್ಟೆಯ ಮಾತು ಗೊತ್ತಿಲ್ಲದೆ ಬರೆದೆ, ಕ್ಷಮಿಸಿ ಅಕ್ಕ. ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು ಅಂತ ಯಾರಾದರೂ ಹೇಳಿ. ನಮ್ಮ ಕಡೆಯಿಂದ ದೊಡ್ಡ ಆಸ್ಪತ್ರೆಗೆ ಎರಡು ಮೂರು ಗಂಟೆ ದಾರಿ, ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ.

ವಿರಾಜಪೇಟೆ ಹುಡುಗ, ಈಗ ಮೈಸೂರು · ಭಾನುವಾರ, ಮಧ್ಯಾಹ್ನ 12.10

ಒಳ್ಳೆಯ ಪ್ರಶ್ನೆ. ಉಸಿರು ದಿಢೀರ್ ಅಂತ ಕೆಟ್ಟರೆ. ಮುಖ, ಕುತ್ತಿಗೆ ಊದಿಕೊಂಡು ಎದೆಯ ಮೇಲೆ ನೀಲಿ ರಕ್ತನಾಳ ಎದ್ದು ಕಂಡರೆ. ಒಂದು ಕಾಲು ಮಾತ್ರ ಊದಿ ನೋವಾದರೆ, ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ನೀರು ತೆಗೆದ ಮೇಲೆ ಅಥವಾ ಕೀಮೋ ನಡೆಯುವಾಗ ಚಳಿ ಜ್ವರ ಬಂದರೆ. ಇವಕ್ಕೆ ಬೆಳಗಾಗಲಿ ಅಂತ ಕಾಯಬೇಡಿ. ಮೊದಲು ಮಡಿಕೇರಿಯ ಬೋಧಕ ಆಸ್ಪತ್ರೆಗೆ ಹೋಗಿ, ಆಕ್ಸಿಜನ್, ಎಕ್ಸ್‌ರೇ ಅಲ್ಲೇ ಆಗುತ್ತದೆ. ಧ್ವನಿ ಗೊಗ್ಗರಾಗುವುದು, ನುಂಗಲು ಕಷ್ಟ, ಸೂಜಿ ಹಾಕಿದ ಜಾಗದಲ್ಲಿ ಗಂಟು, ಇವೂ ಬರಬಹುದು. ಅವನ್ನು ಮುಂದಿನ ಭೇಟಿಯಲ್ಲಿ ತಪ್ಪದೆ ಹೇಳಿ.

ಇನ್ನೊಂದು. ಮುಂದೆ ಒಂದು ಹಂತದಲ್ಲಿ "ಎಕ್ಸ್‌ರೇಯಲ್ಲಿ ನೀರು ಕಡಿಮೆ ಇದೆ" ಅನ್ನಬಹುದು, ಆದರೂ ಉಸಿರಿನ ಕಷ್ಟ ಹಾಗೇ ಇರಬಹುದು. ಪೊರೆ ದಪ್ಪವಾಗಿ ಶ್ವಾಸಕೋಶ ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಆಗ ಮನೆಯವರು "ನೀರಿಲ್ಲವಂತೆ, ಆದರೂ ಹೀಗಂತಾರೆ" ಅಂದುಕೊಳ್ಳುತ್ತಾರೆ. ದಯವಿಟ್ಟು ರೋಗಿಯನ್ನು ನಂಬಿ. ಒಂದೇ ಸಲ ಎಲ್ಲ ನೀರು ಯಾಕೆ ತೆಗೆಯಲಿಲ್ಲ ಅಂತಲೂ ಜಗಳ ಬರುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ತೆಗೆಯುವುದಿಲ್ಲ. ಒಮ್ಮೆಲೇ ಬಿಚ್ಚಿದ ಶ್ವಾಸಕೋಶದ ಒಳಗೇ ನೀರು ಬರಬಹುದು.

ಪದೇ ಪದೇ ಸೂಜಿ ಬೇಡ ಅಂದರೆ ಎರಡು ದಾರಿ ಇದೆ. ಟಾಲ್ಕ್ ಪುಡಿ ಹಾಕಿ ಎರಡು ಪೊರೆಯನ್ನೂ ಅಂಟಿಸುವುದು. ಅಥವಾ ತೆಳು ಟ್ಯೂಬ್ ಒಳಗೇ ಬಿಟ್ಟು ಮನೆಯಲ್ಲೇ ನೀರು ತೆಗೆಯಲು ಕಲಿಸುವುದು. ನಮ್ಮ ಘಾಟಿ ರಸ್ತೆ ನೋಡಿದರೆ ಎರಡನೆಯದರ ಬಗ್ಗೆ ಕೇಳಿ ಅನ್ನುತ್ತೇನೆ.

ಸುಂಟಿಕೊಪ್ಪದ ಮಗಳು · ಭಾನುವಾರ, ಸಂಜೆ 6.30

ಎಲ್ಲವನ್ನೂ ಅಣ್ಣನಿಗೆ ಓದಿ ಹೇಳಿದೆ. ಕೀಮೋ ಶುರು ಮಾಡೋಣ ಅಂದಿದ್ದಾರೆ, ಪೆಮೆಟ್ರೆಕ್ಸೆಡ್ ಜೊತೆ ಕಾರ್ಬೊಪ್ಲಾಟಿನ್. ಒಂದು ವಾರ ಮುಂಚೆಯೇ ಫೋಲಿಕ್ ಆಸಿಡ್ ಮಾತ್ರೆ, ಬಿ12 ಇಂಜೆಕ್ಷನ್ ಕೊಟ್ಟಿದ್ದಾರೆ. ವಿಟಮಿನ್ ತಾನೇ ಅಂತ ಅಪ್ಪ ಎರಡು ದಿನ ಮಾತ್ರೆ ಬಿಟ್ಟಿದ್ದರು.

ನಾಪೋಕ್ಲು ನರ್ಸ್ · ಭಾನುವಾರ, ಸಂಜೆ 6.45

ಬಿಡಬಾರದು! ಆ ಕೀಮೋ ಬಾಯಿ ಹುಣ್ಣು ಮಾಡದಿರಲಿ, ರಕ್ತಕಣ ಕಡಿಮೆಯಾಗದಿರಲಿ ಅಂತಲೇ ಅದನ್ನು ಕೊಡುವುದು. ಎರಡು ದಿನ ತಪ್ಪಿದ್ದನ್ನು ಡಾಕ್ಟರಿಗೆ ಈಗಲೇ ಫೋನ್ ಮಾಡಿ ಹೇಳಿ. ಬೈಯುವುದಿಲ್ಲ.

ಸುಂಟಿಕೊಪ್ಪದ ಮಗಳು · ನಾಲ್ಕು ವಾರದ ನಂತರ, ಮಂಗಳವಾರ, ರಾತ್ರಿ 8.50

ಬರೆಯಲು ತಡವಾಯಿತು. ಫೋನ್ ಮಾಡಿದೆವು, ಒಂದು ವಾರ ಮುಂದೆ ಹಾಕಿದರು. ಮೊದಲ ಕೀಮೋ ಆಯಿತು. ಮೂರು ದಿನ ಪೂರ್ತಿ ಮಲಗಿದ್ದರು, ನಾಲ್ಕನೇ ದಿನ ಎದ್ದು ಕಾಫಿ ಕೇಳಿದರು. ಟ್ಯೂಬ್ ಹಾಕಿಸಿದ್ದೇವೆ. ಎರಡು ದಿನಕ್ಕೊಮ್ಮೆ ಅಣ್ಣ ಕೈ ತೊಳೆದುಕೊಂಡು ಅವರೇ ನೀರು ತೆಗೆಯುತ್ತಾರೆ. ಮೊದಲ ಸಲ ಅವರ ಕೈ ನಡುಗುತ್ತಿತ್ತು, ಅಪ್ಪನೇ ಧೈರ್ಯ ಹೇಳಿದರು. ಅವ್ವನಿಗೂ ಒಂದು ಎಕ್ಸ್‌ರೇ ತೆಗೆಸಿದೆವು. ಸದ್ಯಕ್ಕೆ ಏನೂ ಕಾಣಿಸಿಲ್ಲ.

ಪುಸ್ತಕ ಇಟ್ಟಿದ್ದೇನೆ. ಮೊದಲ ವಾರ ಏನು ಕೇಳಿದರೂ "ಎರಡು" ಅನ್ನುತ್ತಿದ್ದರು. ಬಾಯಿ ತೆರೆದು ಉಸಿರಾಡುತ್ತಿದ್ದರೂ ಎರಡು. ನಾನು ಸುಮ್ನೆ ಎರಡು ಅಂತಲೇ ಬರೆದೆ.

ಅಣ್ಣ ಹಲಸಿನ ಮರದ ಬುಡದಲ್ಲಿ ಒಂದು ಬೆಂಚ್ ಹಾಕಿದ್ದಾರೆ. ಇವತ್ತು ಮಳೆ ಬಿಟ್ಟಿತ್ತು. ಅಪ್ಪ ಅಲ್ಲಿವರೆಗೆ ಇಳಿದು ಹೋದರು, ನಾನು ಹಿಂದೆ ಹೋದೆ. ವಾಪಸ್ ಏರುವಾಗ ಬೆಂಚಿನಲ್ಲಿ ಕೂತು ತುಂಬಾ ಹೊತ್ತು ಗದ್ದೆ ನೋಡಿದರು. ನಾನು ಏನೂ ಕೇಳಿರಲಿಲ್ಲ. "ಆರು" ಅಂದರು. ಆಮೇಲೆ "ಇದನ್ನೂ ಬರ್ಕೋ" ಅಂದರು.

ಬರೆದುಕೊಂಡಿದ್ದೇನೆ. ಗುರುವಾರ ಮಂಗಳೂರಿಗೆ ಹೋಗುವಾಗ ಪುಸ್ತಕ ತೆಗೆದುಕೊಂಡು ಹೋಗುತ್ತೇನೆ.